ಮಿಡಿ ಕಲಿಸಿದ ಪಾಠ



ಈ ಶಾಲೆಯ ಪ್ರಾರ್ಥನೆಗೆ ಹಾರ್ಮೋನಿಯಂ ನುಡಿಸುತ್ತಿದ್ದ ನಾನು ಈಗ ಸಿಂಥಸೈಸರ್‌ಗಳನ್ನು ಕಂಪ್ಯೂಟರಿಗೆ ಜೋಡಿಸಿ ಸಂಗೀತ ಮಾಡುತ್ತೇನೆ. ಅವೆರಡೂ ಮಾತಾಡುವ ಭಾಷೆಯ ಹೆಸರು ಮಿಡಿ. ಉಪ್ಪಿನಕಾಯಿಯ ಮಿಡಿಯಲ್ಲ! 1983ರಲ್ಲಿ ಅಮೆರಿಕದ ಒಂದು ವಾದ್ಯಮೇಳದಲ್ಲಿ ಅಲ್ಲಿನ ಪ್ರಾಫೆಟ್-600 ಮತ್ತು ಜಪಾನಿನ ರೋಲ್ಯಾಂಡ್ ಜುಪಿಟರ್-6 ವಾದ್ಯಗಳನ್ನು ಹೀಗೆ ಬೆಸೆದು ತೋರಿಸಿದರು. ಪೈಪೋಟಿಯ ಕಂಪನಿಗಳು ಒಂದೇ ಭಾಷೆಗೆ ಒಪ್ಪಿದ್ದವು.

ನಾನು ಮೊದಲ ಸಲ ಜೋಡಿಸಿದಾಗ ಸದ್ದೇ ಬರಲಿಲ್ಲ. ಸಾಲ ಮಾಡಿ ತಂದ ವಾದ್ಯ ಕೆಟ್ಟಿತೆಂದು ರಾತ್ರಿಯೆಲ್ಲ ನಿದ್ದೆಯಿಲ್ಲ. ಆಮೇಲೆ ತಿಳಿಯಿತು: ಮಿಡಿ ಕೇಬಲ್ಲಿನಲ್ಲಿ ನಾದ ಹರಿಯುವುದಿಲ್ಲ. ಯಾವ ಸ್ವರ, ಎಷ್ಟು ಜೋರು, ಯಾವಾಗ ಬಿಡಬೇಕು ಎಂಬ ಅಪ್ಪಣೆ ಮಾತ್ರ ಹೋಗುತ್ತದೆ. ಕಂಪ್ಯೂಟರ್ ಕಡೆಯ ‘ಔಟ್’ ವಾದ್ಯದ ‘ಇನ್’ಗೆ ಸೇರಬೇಕು. 16 ಚಾನೆಲ್‌ಗಳಲ್ಲಿ ಎರಡೂ ಕಡೆ ಒಂದೇ ಸಂಖ್ಯೆ ಇರಬೇಕು. ವಾದ್ಯದ ನಾದ ಕೇಳಲು ಬೇರೆ ಆಡಿಯೋ ಕೇಬಲ್ ಬೇಕು. ನಾನು ಅದನ್ನೇ ಹಾಕಿರಲಿಲ್ಲ!

ನಮ್ಮ ಗುರುಗಳು ಕೊಟ್ಟದ್ದೂ ಅಪ್ಪಣೆಯನ್ನೇ. ನಾದ ನಾವು ಹೊರಡಿಸಬೇಕಿತ್ತು.

ಇಂದು ಶಾಲೆಗೆ ಒಂದು ಮಿಡಿ ಕೀಬೋರ್ಡ್ ತಂದಿದ್ದೇನೆ. ಮಕ್ಕಳೇ, ಸದ್ದು ಬಾರದಿದ್ದರೆ ಹೆದರಬೇಡಿ, ಮೊದಲು ಕೇಬಲ್ ನೋಡಿ.