ಅಟ್ಟ ಇಳಿದ ಆಯಿ

ಯಲ್ಲಾಪುರದ ಮಾಗೋಡು ಕಡೆಯ ಹಳೇ ತೋಟದ ಮನೆಗಳನ್ನ ಕೂಡುಕುಟುಂಬಕ್ಕೆ ಅಂತ ಕಟ್ಟಿದ್ದು. ಈಗ ಎಷ್ಟೋ ಕಡೆ ಇರೋದು ವಯಸ್ಸಾದ ಇಬ್ಬರೇ. ಮಳೆಗಾಲದಲ್ಲಿ ಬಳಸದ ಸಾಮಾನಿಗೆಲ್ಲ ಬೂಷ್ಟು. ಒರೆಸೋರು ಯಾರು? ನಮ್ಮನೇಲಿ ಆಯಿ, ಮೊಣಕಾಲು ನೋವಲ್ಲೇ ಅಟ್ಟ ಹತ್ತಿ.

ಕಳೆದ ವರ್ಷ ಇಬ್ಬರೂ ತೋಟದ ಪಕ್ಕದ ಎರಡು ಕೋಣೆ ಮನೆಗೆ ಬಂದ್ರು. ಚಾಲಿ ಅಡಿಕೆ ಒಣಗಿಸೋ ಅಂಗಳ ಬಿಡಲ್ಲ ಅಂದ್ರು ಅಪ್ಪಯ್ಯ. ಸರಿ, ಅದು ಉಳೀತು. ಹಂಡೆ, ಕಡಾಯಿ ದೇವಸ್ಥಾನಕ್ಕೆ ಹೋದ್ವು. ಮದುವೆ, ಉಪನಯನಕ್ಕೆ ಊರವರು ಒಯ್ತಾರೆ, ಬೇಕಾದಾಗ ನಾವೂ ತರ್ತೀವಿ. ಬಳಸದ ಆಸ್ತಿಗೂ ಖರ್ಚಿದೆ ಅನ್ನೋದು ಬಿ.ಕಾಂ. ಓದಿದ ನನ್ನ ಲೆಕ್ಕ. ಆಯಿ ಲೆಕ್ಕ ಬೇರೆ: ಮಧ್ಯಾಹ್ನ ಎರಡು ತಾಸು ನಿದ್ದೆ, ಸಂಜೆ ಮೊಬೈಲಲ್ಲಿ ತಾಳಮದ್ದಳೆ. ಅಪ್ಪೆಮಿಡಿ ಉಪ್ಪಿನಕಾಯಿ ಭರಣಿ ಮಾತ್ರ ಒಂದನ್ನೂ ಕೊಡಲಿಲ್ಲ.