ಆರು ಜನರ ಮನೆಗೆ ಒಂದು ಇಂಟರ್ನೆಟ್ಟು

(ಪುಣೆಯ ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಸಂಜೆ ಇಲ್ಲಿಗೆ ಪತ್ರಿಕೆ ಓದಲು ಬರುವವರೆಲ್ಲ ಒಂದು ನೋಟವನ್ನು ಕಂಡೇ ಇರುತ್ತೀರಿ. ಬಾಗಿಲು ಹಾಕಿದ ಮೇಲೂ ಮೆಟ್ಟಿಲುಗಳ ಮೇಲೆ ಮೂರು ನಾಲ್ಕು ಹುಡುಗರು ಕುಳಿತಿರುತ್ತಾರೆ. ನಮ್ಮ ವೈ-ಫೈ ಗೋಡೆ ದಾಟಿ ಅಲ್ಲಿಯವರೆಗೆ ಬರುತ್ತದೆ, ಅದಕ್ಕಾಗಿ. ಕಾರ್ಯದರ್ಶಿಗಳು ಅವರನ್ನು ಎಬ್ಬಿಸಲಿಲ್ಲ. "ಇವರ ಮನೆಗೆ ಒಂದು ಇಂಟರ್ನೆಟ್ ಹಾಕಿಸಿಕೊಳ್ಳುವುದಕ್ಕೆ ಏನು ಕಷ್ಟ? ನೀನು ಅನುಭವಿಸಿದವನು, ಬಂದು ಹೇಳಪ್ಪ" ಎಂದು ನನ್ನನ್ನೇ ಎಬ್ಬಿಸಿ ಇಲ್ಲಿ ನಿಲ್ಲಿಸಿದ್ದಾರೆ.

ಬೆಳಗಾವಿ, ವಿಜಯಪುರ, ಬೀದರ, ಕಲಬುರಗಿಗಳಿಂದ ಓದಲು ಬಂದ ನಮ್ಮ ಹುಡುಗರು ಸದಾಶಿವ ಪೇಟೆ, ನಾರಾಯಣ ಪೇಟೆಗಳ ಹಳೆಯ ಮನೆಗಳಲ್ಲಿ ಕಾಟ್ ಬೇಸಿಸ್ ಮೇಲೆ ಇರುತ್ತಾರೆ. ಮನೆಯಲ್ಲ, ಕೋಣೆಯಲ್ಲ, ಒಂದು ಮಂಚಕ್ಕೆ ಬಾಡಿಗೆ. ಭೋಸರಿ, ಪಿಂಪರಿ ಕಡೆ ಕಾರ್ಖಾನೆಯಲ್ಲಿ ದುಡಿಯುವ ನಮ್ಮ ಬಂಧುಗಳ ಸಂಸಾರವೂ ಇದಕ್ಕಿಂತ ಬೇರೆಯಲ್ಲ. ಆದ್ದರಿಂದ ನಾನು ವಿದ್ಯಾರ್ಥಿಗಳ ಮನೆ ಎಂದಾಗ ನೀವು ನಿಮ್ಮ ಮನೆ ಎಂದೇ ಇಟ್ಟುಕೊಳ್ಳಬಹುದು.

ಮೊದಲನೆಯ ಪ್ರಶ್ನೆ, ಮನೆಗೆ ಬೇರೆ ಸಂಪರ್ಕ ಬೇಕೆ ಎಂಬುದು. ಎಲ್ಲರ ಜೇಬಿನಲ್ಲೂ ಫೋನಿದೆ, ದಿನಕ್ಕೆ ಒಂದೂವರೆಯೋ ಎರಡೋ ಜಿ.ಬಿ. ಸಿಗುತ್ತದೆ. ಪತ್ರ ವ್ಯವಹಾರಕ್ಕೂ ಊರಿಗೆ ಮಾತನಾಡುವುದಕ್ಕೂ ಅದು ಧಾರಾಳ. ಆದರೆ ಪಾಠ ಕೇಳುವವನ ಲೆಕ್ಕ ಬೇರೆ. ಸ್ಪಷ್ಟವಾದ ವಿಡಿಯೋ ಒಂದಕ್ಕೆ ಸೆಕೆಂಡಿಗೆ 5 ಮೆಗಾಬಿಟ್ ಬೇಕೆಂದು ಹಿಡಿಯೋಣ. ಒಂದು ಗಂಟೆಗೆ 3600 ಸೆಕೆಂಡು, ಗುಣಿಸಿದರೆ 18000 ಮೆಗಾಬಿಟ್. ಎಂಟು ಬಿಟ್ಟಿಗೆ ಒಂದು ಬೈಟು. ಭಾಗಿಸಿದರೆ 2250 ಮೆಗಾಬೈಟ್. ಒಂದೇ ಗಂಟೆಯ ಪಾಠಕ್ಕೆ ಸವಾ ಎರಡು ಜಿ.ಬಿ. ಆಯಿತು! ದಿನದ ಪಾಲು ಮುಗಿದು ಮೇಷ್ಟ್ರು ಅರ್ಧದಲ್ಲಿ ಬಾಯಿ ತೆರೆದುಕೊಂಡು ನಿಲ್ಲುತ್ತಾರೆ.

ಎಂಟರ ಈ ಭಾಗಾಕಾರವನ್ನು ಮರೆಯಬೇಡಿ, ಮುಂದೆಯೂ ಬರುತ್ತದೆ. ಕಂಪನಿಯವರು 100 ಎಂ.ಬಿ.ಪಿ.ಎಸ್. ಎನ್ನುವುದು ಬಿಟ್ಟಿನ ಲೆಕ್ಕ. ನಿಮ್ಮ ಕಡತ ಇಳಿಯುವುದು ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್. ಮೋಸವೇನಲ್ಲ, ಆದರೆ ಗೊತ್ತಿಲ್ಲದವನು ಮೋಸವಾಯಿತೆಂದು ಜಗಳಕ್ಕೆ ಹೋಗುತ್ತಾನೆ. ಬ್ರಾಡ್‌ಬ್ಯಾಂಡ್ ಎಂಬ ಮಾತಿಗೂ ಮರುಳಾಗಬೇಡಿ. 2004ರ ಸರಕಾರಿ ನೀತಿಯಲ್ಲಿ 256 ಕಿಲೋಬಿಟ್ ಇದ್ದರೂ ಅದು ಬ್ರಾಡ್‌ಬ್ಯಾಂಡೇ ಆಗಿತ್ತು. 2023ರಲ್ಲಿ ಆ ಕನಿಷ್ಠ ಮಿತಿಯನ್ನು 2 ಮೆಗಾಬಿಟ್ಟಿಗೆ ಏರಿಸಿದರು. ಹೆಸರನ್ನಲ್ಲ, ಅಂಕಿಯನ್ನು ಕೇಳಿ.

ಹಾಗಾದರೆ ಆರು ಜನಕ್ಕೆ ಎಷ್ಟು ಬೇಕು? ಚಾಳಿನ ನಲ್ಲಿಯನ್ನು ನೆನೆಸಿಕೊಳ್ಳಿ. ಆರು ಜನ ಒಬ್ಬೊಬ್ಬರಾಗಿ ಕೊಡ ಹಿಡಿದರೆ ಯಾರಿಗೂ ತೊಂದರೆಯಿಲ್ಲ. ಒಬ್ಬ ರಬ್ಬರ್ ಕೊಳವೆ ಸಿಕ್ಕಿಸಿ ಡ್ರಮ್ಮು ತುಂಬಿಸತೊಡಗಿದರೆ ಉಳಿದವರ ಕೊಡಕ್ಕೆ ಹನಿ ಬೀಳುವುದಿಲ್ಲ. ಆರೂ ಜನ ಏಕಕಾಲಕ್ಕೆ ಪಾಠ ನೋಡಿದರೂ ಆರೈದಲೆ ಮೂವತ್ತು. 40 ಅಥವಾ 50 ಮೆಗಾಬಿಟ್ಟಿನ ಸಂಪರ್ಕ ಸಾಕು. 300ರದ್ದು ತೆಗೆದುಕೊಳ್ಳಿ ಎಂದು ಹೇಳುವವನು ತನ್ನ ಕಮಿಷನ್ನಿಗೆ ಹೇಳುತ್ತಾನೆ. ನಿಧಾನವಾಗುವುದು ಬಹುಮಟ್ಟಿಗೆ ಡ್ರಮ್ಮಿನವನಿಂದ. ಒಬ್ಬನ ಫೋನು ಮದುವೆಯ ನಾನ್ನೂರು ಫೋಟೋಗಳನ್ನು ತನ್ನಷ್ಟಕ್ಕೆ ತಾನೇ ಮೇಲಕ್ಕೆ ಕಳುಹಿಸುತ್ತಿರುತ್ತದೆ, ಅವನಿಗೇ ಗೊತ್ತಿರುವುದಿಲ್ಲ. ಅಂಥದನ್ನು ರಾತ್ರಿ ಹನ್ನೆರಡರ ಮೇಲೆ ಇಟ್ಟುಕೊಳ್ಳಬೇಕೆಂದು ಮನೆಯಲ್ಲಿ ಮಾತಾಗಬೇಕು. ಇನ್ನು ಬೀದಿಯ ಪಾಲೂ ಇದೆ. ಹೆಚ್ಚಿನ ಮನೆಗಳಿಗೆ ಬರುವ ಗಾಜಿನ ಎಳೆ ಒಂದೇ ಮೂಲದಿಂದ 32 ಅಥವಾ 64 ಮನೆಗಳಿಗೆ ಕವಲಾಗಿರುತ್ತದೆ. ರಾತ್ರಿ ಒಂಬತ್ತಕ್ಕೆ ಎಲ್ಲರೂ ಕುಳಿತಾಗ ವೇಗ ಸ್ವಲ್ಪ ಇಳಿದರೆ ಆಶ್ಚರ್ಯವಿಲ್ಲ. ಸಂಪರ್ಕ ಹಾಕಿಸುವ ಮೊದಲು ಪಕ್ಕದ ಮನೆಯವರನ್ನು "ರಾತ್ರಿ ಒಂಬತ್ತಕ್ಕೆ ಹೇಗಿರುತ್ತದೆ?" ಎಂದು ಕೇಳಿ. ಕಂಪನಿಯ ಯಾವ ಜಾಹೀರಾತಿಗಿಂತಲೂ ಆ ಉತ್ತರ ದೊಡ್ಡದು.

ಎಳೆ ಗಾಜಿನದು ಎಂದೆನಲ್ಲ, ಅದನ್ನು ಬಾಗಿಲ ಸಂದಿಯಲ್ಲಿ ಮಡಿಸಿ ತೂರಿಸಲು ಬಿಡಬೇಡಿ. ಒಳಗೆ ಹರಿಯುವುದು ಬೆಳಕು, ಚೂಪಾಗಿ ಬಾಗಿಸಿದರೆ ಸೋರಿಹೋಗುತ್ತದೆ. ಪೆಟ್ಟಿಗೆಯ ಮೇಲೆ ಕೆಂಪು ದೀಪ ಹತ್ತಿದರೆ ಬೆಳಕು ಬರುತ್ತಿಲ್ಲವೆಂದು ಅರ್ಥ. ಪೆಟ್ಟಿಗೆಯನ್ನು ಹತ್ತು ಸಲ ಆರಿಸಿ ಹಚ್ಚಿ ಪ್ರಯೋಜನವಿಲ್ಲ, ದೂರು ಕೊಡಬೇಕು. ಪೇಟೆಯ ಹಳೆಯ ವಾಡೆಗಳ ಗೋಡೆ ಒಂದೂವರೆ ಮೊಳ ದಪ್ಪ. ವೈ-ಫೈ ಎರಡು ತೆರನಾಗಿ ಬರುತ್ತದೆ. 2.4 ಗಿಗಾಹರ್ಟ್ಸಿನದು ಗೋಡೆ ದಾಟುತ್ತದೆ, ಆದರೆ ನಿಧಾನ, ನೆರೆಹೊರೆಯವರ ಗದ್ದಲವೂ ಅದರಲ್ಲೇ. 5 ಗಿಗಾಹರ್ಟ್ಸಿನದು ಚುರುಕು, ಗೋಡೆ ಕಂಡರೆ ಸುಸ್ತು. ಪೆಟ್ಟಿಗೆ ನಡುವಿನ ಕೋಣೆಯಲ್ಲಿ ಎದೆಯ ಎತ್ತರಕ್ಕೆ ಇರಲಿ. ಹಾಕಲು ಬಂದವನು ಬಾಗಿಲ ಪಕ್ಕದಲ್ಲೇ ಮೊಳೆ ಹೊಡೆದು ಹೋಗಲು ನೋಡುತ್ತಾನೆ. ಒಂದು ಲೋಟ ಚಹಾ ಕೊಟ್ಟು ಒಳಗೆ ಕರೆಯಿರಿ. ತೀರ ಆಚೆಯ ಕೋಣೆಗೆ ಹತ್ತಿಪ್ಪತ್ತು ಮೀಟರ್ ಕೇಬಲ್ ಎಳೆದರೆ ಯಾವ ಗೋಡೆಯ ಭಯವೂ ಇಲ್ಲ.

ಹಣದ ಮಾತು. ಫಲಕದ ಮೇಲೆ ತಿಂಗಳಿಗೆ 499 ರೂಪಾಯಿ ಎಂದಿದ್ದರೆ, ಶೇಕಡಾ 18ರ ಜಿ.ಎಸ್.ಟಿ. ಸೇರಿ ನೀವು ಕೊಡುವುದು 588 ರೂಪಾಯಿ 82 ಪೈಸೆ. ಆರು ಜನಕ್ಕೆ ಹಂಚಿದರೆ ತಲೆಗೆ 98 ರೂಪಾಯಿ ಚಿಲ್ಲರೆ. ವರ್ಷದ್ದು ಒಟ್ಟಿಗೆ ಕಟ್ಟಿದರೆ ಅಗ್ಗ ಎನ್ನುತ್ತಾರೆ. ಇಲ್ಲಿ ಬಾಡಿಗೆಯ ಕರಾರು ಸಾಮಾನ್ಯವಾಗಿ ಹನ್ನೊಂದು ತಿಂಗಳಿನದು. ಹನ್ನೆರಡನೆಯ ತಿಂಗಳ ಇಂಟರ್ನೆಟ್ಟು ಯಾರಿಗೆ? ಮನೆ ಬದಲಾಯಿಸಿದರೆ ಹೊಸ ಬೀದಿಯಲ್ಲಿ ಆ ಕಂಪನಿಯ ಎಳೆ ಇದ್ದರೆ ಸರಿ, ಇಲ್ಲದಿದ್ದರೆ ಹಣ ಹೋದಂತೆಯೇ. ಮೇ ತಿಂಗಳಿನಲ್ಲಿ ಎಲ್ಲರೂ ಊರಿಗೆ ಹೋಗುವ ಮನೆಗೆ ತಿಂಗಳ ಲೆಕ್ಕವೇ ಮೇಲು.

ಇಷ್ಟನ್ನು ಯಾರಾದರೂ ಹೇಳಿಯಾರು. ನಾನು ಹೇಳಬೇಕೆಂದು ಬಂದದ್ದು ಹೆಸರಿನ ವಿಚಾರ.

2019ರಲ್ಲಿ ನಾವು ಆರು ಜನ ಒಂದು ವಾಡೆಯ ಎರಡನೆಯ ಮಹಡಿಯಲ್ಲಿದ್ದೆವು. ಸಂಪರ್ಕ ನಮ್ಮೊಳಗೆ ಹಿರಿಯನಾದ ಒಬ್ಬನ ಹೆಸರಿನಲ್ಲಿತ್ತು. ಅವನ ಆಧಾರ್, ಅವನ ಫೋನ್ ನಂಬರು. ಹಣ ಕೂಡಿಸುವುದು ನನ್ನ ಪಾಲಿನ ಕೆಲಸ. ಹಿರಿಯನಿಗೆ ಚೆನ್ನೈಯಲ್ಲಿ ಕೆಲಸ ಸಿಕ್ಕಿತು. ಖಾನಾವಳಿಯಲ್ಲಿ ಅವನಿಗೆ ಊಟ ಹಾಕಿಸಿ ರೈಲು ಹತ್ತಿಸಿದೆವು. ಮಂಚವನ್ನು ಇನ್ನೊಬ್ಬನಿಗೆ ಕೊಟ್ಟೆವು, ಬೀಗದ ಕೈ ಕೇಳಿ ಪಡೆದೆವು. ಇಂಟರ್ನೆಟ್ಟಿನ ಮಾತು ಯಾರಿಗೂ ಹೊಳೆಯಲಿಲ್ಲ. ಹೊಸಬ ರಾತ್ರಿ ಪಾಳಿಯವನು. "ನಾನು ಮನೆಯಲ್ಲಿ ಮಲಗುವುದಷ್ಟೆ, ನೂರು ರೂಪಾಯಿ ಯಾಕೆ ಕೊಡಲಿ?" ಎಂದ. ನನಗೆ ಹಟ ಬಂತು. ಅವನು ಕೊಡುವವರೆಗೆ ಕಟ್ಟುವುದಿಲ್ಲವೆಂದು ನಾಲ್ಕು ಜನರ ಹಣವನ್ನು ಡಬ್ಬಿಯಲ್ಲಿಟ್ಟುಕೊಂಡು ಕುಳಿತೆ. ಅವಧಿ ಮುಗಿದು ಸಂಪರ್ಕ ನಿಂತಿತು.

ನಿಂತ ನಾಲ್ಕನೆಯ ದಿನ, ಬೀದರ ಕಡೆಯ ನಮ್ಮ ಗೆಳೆಯನೊಬ್ಬ ಒಂದು ನೇಮಕಾತಿ ಪರೀಕ್ಷೆಯ ಅರ್ಜಿ ಕಳುಹಿಸಬೇಕಾಗಿತ್ತು. ರಾತ್ರಿ ಹನ್ನೆರಡು ಕೊನೆಯ ಗಳಿಗೆ. ಕೊನೆಯ ದಿನದವರೆಗೆ ಯಾಕೆ ಕಾದ ಎಂದು ಕೇಳುತ್ತೀರಿ. ತಾಲ್ಲೂಕು ಕಚೇರಿಯ ಪ್ರಮಾಣಪತ್ರ ಅವನ ಕೈಗೆ ಬಂದದ್ದೇ ಅಂದು ಸಂಜೆ. ಆಗ ನನ್ನ ಹಟ ಇಳಿದು ಹಣ ಕಟ್ಟಲು ಹೊರಟೆ. ಗ್ರಾಹಕ ಸಂಖ್ಯೆ ಯಾರಿಗೂ ಗೊತ್ತಿಲ್ಲ. ಹಿರಿಯನ ಫೋನ್ ನಂಬರು ಹಾಕಿದರೆ ಒ.ಟಿ.ಪಿ. ಹೋಗುವುದು ಚೆನ್ನೈಗೆ, ಅವನ ಫೋನು ಸ್ತಬ್ಧ. ಕೆಲಸದ ಜಾಗದಲ್ಲಿ ಫೋನನ್ನು ಬಾಗಿಲಲ್ಲೇ ಇರಿಸಿಕೊಳ್ಳುತ್ತಾರೆಂದು ಮರುದಿನ ತಿಳಿಯಿತು. ನಮ್ಮ ಫೋನುಗಳ ಅಂದಿನ ಪಾಲು ಸಂಜೆಗೇ ಮುಗಿದಿತ್ತು. ರೀಚಾರ್ಜು ಮಾಡಿಸಿ, ಸಿಗ್ನಲ್ಲಿಗಾಗಿ ಬೀದಿಗಿಳಿದು ಕುಳಿತಾಗ ಹತ್ತೂವರೆ. ಕೊನೆಯ ದಿನದ ನೂಕುನುಗ್ಗಲು ಬೇರೆ. ಫೋಟೋ ಏರಿತು, ಸಹಿ ಏರಿತು. ಶುಲ್ಕ ಕಟ್ಟುವ ಪುಟ ತಿರುಗುತ್ತಲೇ ಇತ್ತು. ಹನ್ನೆರಡಾಯಿತು.

ಅವನಿಗೆ ಅದು ವಯೋಮಿತಿಯ ಕೊನೆಯ ವರ್ಷ. ಈಗ ಊರಿನಲ್ಲಿ ಒಂದು ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ನನ್ನೊಡನೆ ಚೆನ್ನಾಗಿಯೇ ಇದ್ದಾನೆ. ಆ ರಾತ್ರಿಯ ಮಾತನ್ನು ಅವನು ಎತ್ತುವುದಿಲ್ಲ, ನಾನೂ ಎತ್ತಿಲ್ಲ. ಅರ್ಜಿ ಹೋಗಿದ್ದರೂ ಅವನು ತೇರ್ಗಡೆಯಾಗುತ್ತಿದ್ದನೆಂದು ಯಾರು ಹೇಳಬಲ್ಲರು? ಹಾಗೆಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ.

ಆಮೇಲೆ ನಾವು ಮಾಡಿದ್ದು ಇಷ್ಟು. ಸಂಪರ್ಕವನ್ನು ಎಲ್ಲರಿಗಿಂತ ಹೆಚ್ಚು ಕಾಲ ಉಳಿಯುವವನ ಹೆಸರಿಗೆ, ಅಂದರೆ ಆಗತಾನೆ ಮೊದಲ ವರ್ಷಕ್ಕೆ ಬಂದವನ ಹೆಸರಿಗೆ ಮಾಡಿಸಿದೆವು. ಹಿರಿಯನೆಂಬ ಮರ್ಯಾದೆ ಇಲ್ಲಿ ಕೆಲಸಕ್ಕೆ ಬಾರದು. ಗ್ರಾಹಕ ಸಂಖ್ಯೆ, ಅವಧಿ ಮುಗಿಯುವ ತಾರೀಕು, ದೂರಿನ ನಂಬರು ಮೂರನ್ನೂ ಬಾಗಿಲ ಹಿಂದೆ ಬರೆದು ಅಂಟಿಸಿದೆವು. ಬಳಸಲಿ ಬಿಡಲಿ, ಇಂಟರ್ನೆಟ್ಟಿನ ಪಾಲು ಮಂಚದ ಬಾಡಿಗೆಯೊಳಗೇ ಸೇರಿತು. ಹೊಸಬನಿಗೆ ಮೊದಲ ದಿನವೇ ತಿಳಿಸಿಬಿಟ್ಟೆವು. ಒಂದು ತಿಂಗಳ ಹಣ ಸದಾ ಮುಂಗಡವಾಗಿ ಡಬ್ಬಿಯಲ್ಲಿ. ಬಿಟ್ಟುಹೋಗುವವನ ಹೆಸರಿನಲ್ಲಿ ಸಂಪರ್ಕವಿದ್ದರೆ ಅದನ್ನು ಮುಚ್ಚಿಸಿ, ಪೆಟ್ಟಿಗೆ ಒಪ್ಪಿಸಿ ರಸೀದಿ ಪಡೆಯದೆ ಅವನಿಗೆ ರೈಲು ಹತ್ತಿಸುವುದಿಲ್ಲ.

ಹೆಸರು ಕೊಡುವವನಿಗೂ ಒಂದು ಮಾತು. ಹೊರಗಿನಿಂದ ನೋಡುವವರಿಗೆ ಆ ಮನೆಯ ಆರು ಫೋನುಗಳೂ ಒಂದೇ ವಿಳಾಸವಾಗಿ ಕಾಣುತ್ತವೆ. ಯಾರೋ ಒಬ್ಬ ಮಾಡಬಾರದ್ದು ಮಾಡಿದರೆ ಪೊಲೀಸರು ಕಂಪನಿಯನ್ನು ಕೇಳುತ್ತಾರೆ, ಕಂಪನಿ ಹೇಳುವುದು ನಿಮ್ಮ ಹೆಸರು. ಆದ್ದರಿಂದ ಪಾಸ್‌ವರ್ಡನ್ನು ಕೆಳಗಿನ ಚಹಾದಂಗಡಿಯವನಿಗೂ ಗೆಳೆಯರ ಗೆಳೆಯರಿಗೂ ಹಂಚಬೇಡಿ. ಒಬ್ಬ ಮನೆ ಬಿಟ್ಟ ದಿನವೇ ಬದಲಾಯಿಸಿ. ಪೆಟ್ಟಿಗೆಯ ಬೆನ್ನಿಗೆ ಅಂಟಿಸಿ ಬಂದ ಪಾಸ್‌ವರ್ಡನ್ನಂತೂ ಮೊದಲ ದಿನವೇ ಬದಲಿಸಿ. ಬಂದುಹೋಗುವವರಿಗೆ ಅತಿಥಿಗಳ ಜಾಲವೆಂದು ಬೇರೆ ಮಾಡುವ ಸೌಕರ್ಯ ಅನೇಕ ಪೆಟ್ಟಿಗೆಗಳಲ್ಲಿದೆ.

ದೂರು ಕೊಟ್ಟಾಗ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಟ್ರಾಯ್ 2012ರಲ್ಲಿ ಮಾಡಿದ ನಿಯಮದಂತೆ, ದೂರು ಬಗೆಹರಿಯದಿದ್ದರೆ ಕಂಪನಿಯೊಳಗಿನ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗುವ ಹಕ್ಕಿದೆ, ಅದಕ್ಕೆ ಶುಲ್ಕವಿಲ್ಲ. ಆದರೆ ಆ ಸಂಖ್ಯೆ ಇಲ್ಲದವನ ಮಾತನ್ನು ಅಲ್ಲಿ ಕೇಳುವವರಿಲ್ಲ.

ಬಾಗಿಲ ಹಿಂದೆ ಅಂಟಿಸುವ ಆ ಹಾಳೆಯ ನಮೂನೆಯನ್ನು ಕನ್ನಡದಲ್ಲಿ ಬರೆದು ತಂದಿದ್ದೇನೆ, ಪತ್ರಿಕೆಗಳ ಮೇಜಿನ ಮೇಲಿದೆ, ಬೇಕಾದವರು ನಕಲು ಮಾಡಿಕೊಳ್ಳಬಹುದು. ಮೆಟ್ಟಿಲ ಮೇಲೆ ಕೂರುವ ತಮ್ಮಂದಿರು ಇಂದು ಒಳಗೇ ಬಂದು ಕುಳಿತಿದ್ದಾರೆ. ನಿಮ್ಮ ಮನೆಯ ಸಂಪರ್ಕ ಯಾರ ಹೆಸರಿನಲ್ಲಿದೆ, ಅವನು ಈಗ ಎಲ್ಲಿದ್ದಾನೆ ಎಂಬುದನ್ನು ಚಹಾ ಕುಡಿಯುತ್ತ ನನಗೆ ಹೇಳಿ, ಕೂಡಿಯೇ ನೋಡೋಣ.