ನಾಯಿ, ಹುಳು ಮತ್ತು ನಮ್ಮ ಕೈ



ಬೀದರಿನಿಂದ ಔರಾದಿಗೆ ಹೋಗುವ ದಾರಿಯಲ್ಲಿ ಜನವಾಡ ಎಂಬ ಊರಿದೆ. ಸಾಕುಪ್ರಾಣಿಗಳ ಆರೋಗ್ಯ ಕುರಿತ ಕಾರ್ಯಕ್ರಮವೊಂದರ ಚಿತ್ರೀಕರಣಕ್ಕಾಗಿ ನಾವು ಒಮ್ಮೆ ಅಲ್ಲಿಗೆ ಹೋಗಿದ್ದೆವು. ಒಂದು ಮನೆಯ ಅಂಗಳದಲ್ಲಿ ತಿಂಗಳ ನಾಯಿಮರಿಯೊಂದಿತ್ತು. ಪಕ್ಕೆಲುಬು ಎಣಿಸುವಂತಿದ್ದವು, ಹೊಟ್ಟೆ ಮಾತ್ರ ಗಡಿಗೆಯಂತೆ ಉಬ್ಬಿತ್ತು. ಹಾಲು ಹೆಚ್ಚಾಗಿರಬೇಕೆಂದು ಮನೆಯವರ ಎಣಿಕೆ. ಜೊತೆಗಿದ್ದ ಪಶುವೈದ್ಯರು ಮರಿಯ ಮಲದ ಚೂರನ್ನು ಉಪ್ಪಿನ ಗಾಢ ದ್ರಾವಣದಲ್ಲಿ ಕದಡಿ, ಸೋಸಿ, ಸ್ವಲ್ಪ ಹೊತ್ತು ಬಿಟ್ಟರು. ಹುಳುವಿನ ಮೊಟ್ಟೆ ಆ ದ್ರಾವಣಕ್ಕಿಂತ ಹಗುರ. ಆದ್ದರಿಂದ ಅದು ಮೇಲಕ್ಕೆ ತೇಲಿಬರುತ್ತದೆ. ಮೇಲಿನ ಹನಿಯನ್ನು ಸೂಕ್ಷ್ಮದರ್ಶಕದಲ್ಲಿಟ್ಟಾಗ ದಪ್ಪ ಕವಚದ ದುಂಡನೆಯ ಮೊಟ್ಟೆಗಳು ಕಂಡವು.

ಮರಿಯನ್ನು ಹಿಡಿದಿದ್ದ ಹುಡುಗ ತಾನೂ ಇಣುಕಿ ನೋಡಿ ನನ್ನನ್ನು ಕೇಳಿದ: "ಹಂಗಾದ್ರ ಇದನ್ನ ಊರ ಹೊರಗ ಬಿಟ್ಟು ಬರಬೇಕೇನ್ರಿ ಸರ್?" ಇಂದಿನ ಭಾಷಣ ಆ ಪ್ರಶ್ನೆಗೆ ಉತ್ತರ.

ನಾಯಿಯೆಂದರೆ ನಮಗೆ ಮೊದಲು ನೆನಪಾಗುವ ಕಾಯಿಲೆ ರೇಬೀಸ್. ಅದು ವೈರಸ್ಸಿನಿಂದ ಬರುವ ರೋಗ, ಅದಕ್ಕೆ ಲಸಿಕೆಯಿದೆ. ನಾನು ಹೇಳಹೊರಟಿರುವುದು ಪರಾವಲಂಬಿಗಳ ವಿಷಯ. ಮತ್ತೊಂದು ಜೀವಿಯ ಒಡಲಲ್ಲೋ ಮೈಮೇಲೋ ಇದ್ದು, ಅದರ ಆಹಾರವನ್ನೋ ರಕ್ತವನ್ನೋ ಹೀರಿ ಬದುಕುವ ಜೀವಿಗಳಿವು.

ಜನವಾಡದ ಆ ಮರಿಯಲ್ಲಿದ್ದದ್ದು ದುಂಡುಹುಳು. ಇದರ ಶಾಸ್ತ್ರೀಯ ನಾಮ ಟಾಕ್ಸೋಕಾರ ಕ್ಯಾನಿಸ್. ಇದರ ಮರಿಹುಳುಗಳು ತಾಯಿನಾಯಿಯ ಮಾಂಸಖಂಡಗಳಲ್ಲಿ ಮಲಗಿದ್ದು, ಅದು ಗಬ್ಬವಾದಾಗ ಎಚ್ಚೆತ್ತು ಗರ್ಭದಲ್ಲಿರುವ ಮರಿಗಳ ದೇಹ ಸೇರುತ್ತವೆ. ಹೀಗಾಗಿ ಮರಿ ಹುಟ್ಟುವಾಗಲೇ ಹುಳುವನ್ನು ಹೊತ್ತು ಬರುತ್ತದೆ. ಕೊಕ್ಕೆಹುಳು ತಾಯಿಯ ಹಾಲಿನ ಮೂಲಕ ಬರುತ್ತದೆ. ಅದು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುವುದರಿಂದ ಮರಿಯ ಒಸಡು ಬಿಳಿಚಿಕೊಳ್ಳುತ್ತದೆ. ಎಷ್ಟೋ ಮರಿಗಳು ಸಾಯುವುದೂ ಉಂಟು.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಗಮನಿಸಿ. ಮಲದೊಡನೆ ಆಗತಾನೆ ಹೊರಬಿದ್ದ ದುಂಡುಹುಳುವಿನ ಮೊಟ್ಟೆಯಿಂದ ಸೋಂಕು ತಗಲುವುದಿಲ್ಲ. ಅದು ಮಣ್ಣಿನಲ್ಲಿ ಎರಡು ಮೂರು ವಾರ ಬಲಿಯಬೇಕು. ಆಮೇಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿಯುತ್ತದೆ. ಆದ್ದರಿಂದ ನಾಯಿಯನ್ನು ಮುಟ್ಟಿದ್ದಕ್ಕಿಂತ, ಅಂಗಳದ ಮಣ್ಣಿನಲ್ಲಿ ಆಡಿದ ಕೈಯನ್ನು ತೊಳೆಯದೆ ಬಾಯಿಗಿಟ್ಟಾಗ ಅಪಾಯ ಹೆಚ್ಚು. ಮಕ್ಕಳ ದೇಹ ಸೇರಿದ ಮರಿಹುಳು ಪಿತ್ತಜನಕಾಂಗದಲ್ಲಿ ಅಲೆಯಬಹುದು, ಅಪರೂಪಕ್ಕೆ ಕಣ್ಣನ್ನು ಹೊಕ್ಕು ದೃಷ್ಟಿಯನ್ನೇ ಕೆಡಿಸಬಹುದು. ಕೊಕ್ಕೆಹುಳುವಿನ ಮರಿಗಳು ತೇವದ ಮಣ್ಣಿನಿಂದ ಬರಿಗಾಲಿನ ಚರ್ಮವನ್ನು ಕೊರೆದು ತುರಿಕೆಯ ಗೆರೆ ಎಬ್ಬಿಸುತ್ತವೆ.

ಪಟ್ಟಣಕ್ಕೂ ಹಳ್ಳಿಗೂ ಸ್ವಲ್ಪ ವ್ಯತ್ಯಾಸವಿದೆ. ಪಟ್ಟಣದ ಮನೆಗಳಲ್ಲಿ ನಾಯಿಗೆ ಹೆಚ್ಚಿನ ಕಾಟ ಕಂದು ಉಣ್ಣೆಯದು. ಒಂದು ಹೆಣ್ಣು ಉಣ್ಣೆ ರಕ್ತ ಕುಡಿದು ಕೆಳಗೆ ಬಿದ್ದು, ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಅದರ ಕಡಿತದಿಂದ ಬೆಬೀಸಿಯ ಎಂಬ ಏಕಕೋಶಜೀವಿ ನಾಯಿಯ ಕೆಂಪು ರಕ್ತಕಣಗಳನ್ನು ಸೇರಿ ಒಡೆಯುತ್ತದೆ. ಜ್ವರ ಬಂದು ನಾಯಿ ಅನ್ನ ಬಿಡುತ್ತದೆ, ಮೂತ್ರ ಕೆಂಪಾಗುತ್ತದೆ. ನಾಯಿಯ ಮೈಯಿಂದ ಉಣ್ಣೆ ಕಿತ್ತರಷ್ಟೇ ಸಾಲದು, ಅದರ ಗೂಡನ್ನೂ ಗೋಡೆಯ ಸಂದುಗಳನ್ನೂ ಶುಚಿ ಮಾಡಬೇಕು.

ಹಳ್ಳಿಯ ಕಥೆ ಬೇರೆ. ಭಾಲ್ಕಿ, ಔರಾದ್ ಕಡೆ ಕುರಿ, ಆಡುಗಳ ಹಿಂಡಿನ ಹಿಂದೆ ನಾಯಿ ಇದ್ದೇ ಇರುತ್ತದೆ. ಕುರಿ ಕೊಯ್ದಾಗ ಗುಳ್ಳೆ ಎದ್ದ ಪಿತ್ತಜನಕಾಂಗವೋ ಶ್ವಾಸಕೋಶವೋ ಸಿಕ್ಕರೆ ಅದನ್ನು ನಾಯಿಗೆ ಎಸೆಯುವುದು ರೂಢಿ. ಆ ನೀರುಗುಳ್ಳೆಯೇ ಎಕಿನೊಕಾಕಸ್ ಎಂಬ ಲಾಡಿಹುಳುವಿನ ತೊಟ್ಟಿಲು. ನಾಯಿಯ ಕರುಳಿನಲ್ಲಿ ಅದು ಕೆಲವೇ ಮಿಲಿಮೀಟರ್ ಉದ್ದದ ಹುಳುವಾಗಿ ಬೆಳೆಯುತ್ತದೆ. ನಾಯಿಗೆ ಅದರಿಂದ ತೊಂದರೆಯೇ ಕಾಣಿಸದು. ಆದರೆ ಅದರ ಮೊಟ್ಟೆ ಹುಲ್ಲಿನ ಮೂಲಕ ಕುರಿಗೆ, ಕೈಯ ಮೂಲಕ ಮನುಷ್ಯನಿಗೆ ದಾಟುತ್ತದೆ. ಈ ಮೊಟ್ಟೆ ಮಣ್ಣಿನಲ್ಲಿ ಬಲಿಯಬೇಕಾಗಿಲ್ಲ. ಹೊರಬಿದ್ದ ಕ್ಷಣದಿಂದಲೇ ಸೋಂಕು ಹರಡಬಲ್ಲದು, ನಾಯಿಯ ಕೂದಲಿಗೂ ಅಂಟಿರಬಹುದು. ಮನುಷ್ಯನ ಪಿತ್ತಜನಕಾಂಗದಲ್ಲಿ ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು, ಕೊನೆಗೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು.

ಈ ಸರಪಳಿಯನ್ನು ತುಂಡರಿಸಲು ಸಾಧ್ಯವೆ? ಐಸ್‌ಲೆಂಡ್ ದೇಶ ತುಂಡರಿಸಿ ತೋರಿಸಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಕುರಿಗಾಹಿಗಳ ನಾಡಿನಲ್ಲಿ ಈ ಗುಳ್ಳೆರೋಗ ಮನೆಮನೆಯ ಸಂಕಟವಾಗಿತ್ತು. 1863ರಲ್ಲಿ ಹರಾಲ್ಡ್ ಕ್ರಾಬೆ ಎಂಬ ಡೆನ್ಮಾರ್ಕಿನ ವಿಜ್ಞಾನಿ ಅಲ್ಲಿಗೆ ಹೋಗಿ ನಾಯಿಗಳನ್ನು ಪರೀಕ್ಷಿಸಿದ. ರೋಗ ಹೇಗೆ ಹರಡುತ್ತದೆಂದು ತಿಳಿಸುವ ಪುಟ್ಟ ಪುಸ್ತಿಕೆಯನ್ನು ಅಲ್ಲಿನ ಜನರ ಭಾಷೆಯಲ್ಲೇ ಅಚ್ಚು ಹಾಕಿಸಿ ಹಂಚಲಾಯಿತು. ಮುಂದೆ ಕಾಯ್ದೆಗಳೂ ಬಂದವು. ಜನರು ಗುಳ್ಳೆಗಳನ್ನು ನಾಯಿಗೆ ಹಾಕದೆ ಸುಡಲು, ಹೂಳಲು ಕಲಿತರು. ಇಪ್ಪತ್ತನೆಯ ಶತಮಾನದಲ್ಲಿ ರೋಗ ಅಲ್ಲಿಂದ ಕಾಲ್ತೆಗೆಯಿತು. ಈಗಿನಂಥ ಔಷಧಿಗಳು ಇಲ್ಲದ ಕಾಲದಲ್ಲಿ ಆರಂಭವಾದ ಕೆಲಸವಿದು ಎಂಬುದನ್ನು ಮರೆಯಬಾರದು.

ನಮಗೆ ಔಷಧಿಯೂ ಇದೆ. ಮರಿಗೆ ಎರಡು ವಾರ ತುಂಬಿದಾಗ ಜಂತಿನ ಔಷಧಿ ಆರಂಭಿಸಿ, ಎಂಟು ವಾರದವರೆಗೆ ಎರಡು ವಾರಕ್ಕೊಮ್ಮೆ ಕೊಡಬೇಕು. ಅದೇ ವೇಳೆಗೆ ತಾಯಿನಾಯಿಗೂ ಕೊಡಬೇಕು. ಬೆಳೆದ ನಾಯಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಸಾಕು. ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್ ಎಂಬ ಮದ್ದಿದೆ. ಪ್ರಮಾಣವನ್ನು ನಾಯಿಯ ತೂಕ ನೋಡಿ ಪಶುವೈದ್ಯರೇ ಹೇಳಬೇಕು. ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಬೀದರಿನ ನಂದಿನಗರದಲ್ಲಿರುವಾಗ ಈ ಅರಿವು ಸುತ್ತಲಿನ ಪ್ರತಿ ಮನೆಯನ್ನೂ ತಲುಪಬೇಡವೆ?

ಆ ಹುಡುಗನಿಗೆ ನಾವು ಹೇಳಿದ್ದಿಷ್ಟು: ಮರಿಯನ್ನು ಬಿಡಬೇಡ. ಊರ ಹೊರಗೆ ಬಿಟ್ಟರೆ ಹುಳು ಸಾಯದು, ಇನ್ನೊಂದು ಅಂಗಳಕ್ಕೆ ಹೋಗುತ್ತದೆ. ಔಷಧಿ ಕೊಡಿಸು. ಅದರ ಮಲವನ್ನು ಅಂದಂದೇ ತೆಗೆದು ಹೂಳು. ಹಸಿ ಕರುಳು, ಗುಳ್ಳೆಗಳನ್ನು ಹಾಕಬೇಡ. ಊಟಕ್ಕೆ ಕೂರುವ ಮೊದಲು ಸೋಪಿನಿಂದ ಕೈ ತೊಳೆ.

ವೈದ್ಯರು ಅಲ್ಲೇ ಮೊದಲ ಗುಟುಕು ಔಷಧಿ ಹಾಕಿದರು. ಹುಡುಗ ಮರಿಯನ್ನು ಕೆಳಗಿಳಿಸಿ, ಯಾರೂ ಹೇಳದೆಯೇ ಬಚ್ಚಲಿನ ಕಡೆ ನಡೆದ.

ಮಿತ್ರರೆ, ನಮ್ಮನ್ನು ನಂಬಿ ಬಾಗಿಲು ಕಾಯುವ ಪ್ರಾಣಿ ನಾಯಿ. ತನ್ನ ಹುಳುವನ್ನು ತಾನೇ ನೀಗಿಕೊಳ್ಳಲು ಅದಕ್ಕೆ ಬಾರದು. ಆ ಕೆಲಸ ನಮ್ಮದು.